ಅಳತೆ ಪುಸ್ತಕ

ಕೈಕಂಬಕ್ಕೆ ಮೊದಲ ಬಸ್ಸು ಬಂದಿಲ್ಲ, ಪೇಪರು ಬಂದಿದೆ.
ಹಾಲಿನ ಟೆಂಪೋದವ ಎರಡು ಕಟ್ಟು ಎಸೆದು
ಎಂಜಿನ್ ನಿಲ್ಲಿಸದೆ ಹೋದ.
ಅರ್ಧ ಎತ್ತಿದ ಶಟರಿನಡಿ ಬಾಗಿ ಒಳಗೆ ಬಂದವರು
ಡೊಂಬಯ್ಯಣ್ಣ, ಮತ್ತೆ ಝಿಪ್ಪು ಕಿತ್ತುಹೋದ
ಬಂದೋಬಸ್ತಿನ ಪೊಲೀಸಿನವ. ನನ್ನ ಬೈರಾಸು ಸುತ್ತಿ
ಸ್ಟೂಲಿನ ಮೇಲೆ ಕೂತ, ಲಾಠಿ ಗೋಡೆಗೆ ಒರಗಿಸಿ.

"ನಮ್ಮವನಿಗೆ ಎಷ್ಟು ಕೊಟ್ಟಿದ್ದಾರೆ, ನೀವೇ ನೋಡಿ ಅಕ್ಕ,"
ಡೊಂಬಯ್ಯಣ್ಣ ಮೇಜಿನ ಮೇಲೆ ಎರಡೂ ಪೇಪರು ಹಾಸಿ
ನನ್ನ ಕತ್ತಿನಿಂದ ಟೇಪು ಎಳೆದುಕೊಂಡರು.
ಅವರಿಗೆ ಹನ್ನೊಂದು ಇಂಚು, ಫೋಟೋ ಬೇರೆ.
ನಮಗೆ ಮೂರೂಕಾಲು,
ಅದೂ ಚಿನ್ನದಂಗಡಿಯ ಜಾಹೀರಾತಿನ ಕೆಳಗೆ.
ಅವರವ ಕೊಲೆಯಾದ, ನಮ್ಮವ ಬರೀ ಮೃತಪಟ್ಟ.
ನಮ್ಮದು ಗುಂಪು, ಅವರದ್ದು ಯುವಕರು.
ಇನ್ನೊಂದು ಪೇಪರನ್ನು ಅವರು ಅಳೆಯಲಿಲ್ಲ.
ಅದರಲ್ಲಿ ನಮಗೆ ಜಾಸ್ತಿ ಇತ್ತು.

ಅನ್ಯಕೋಮು ಎಂಬ ಪದ ಮಾತ್ರ ಎರಡರಲ್ಲೂ ಇತ್ತು,
ಗುರುಪುರ ಸೇತುವೆಯ ಯಾವ ತುದಿಯಲ್ಲಿ ನಿಂತು ಓದಿದರೂ
ಎದುರಿನ ದಡಕ್ಕೇ ಬೆರಳು ತೋರುವ ಪದ.

ಅಳೆಯದ ಪೇಪರಿನ ಮೊದಲ ಪುಟದಲ್ಲಿ
ರಸ್ತೆ, ರಿಕ್ಷಾದ ಒಂದು ಚಕ್ರ, ಖಾಕಿ ಅಂಗಿ.
ಅಂಗಿ ನನ್ನ ಕೈಯದ್ದು.
ಚಿಲ್ಲರೆಗೆ ಒಳಜೇಬು ಬೇಕು ಅಂದಿದ್ದ ಲತೇಶ,
ಓಡುವಾಗ ಝಣಝಣ ಅನ್ನಬಾರದು, ಎರಡು ಪದರ ಹಾಕಿ ಅಂತ.
ಬಲಭುಜ ಎಡಕ್ಕಿಂತ ಅರ್ಧ ಇಂಚು ಇಳಿಜಾರು,
ಹ್ಯಾಂಡಲ್ ಹಿಡಿದು ಹಿಡಿದು.
ಮುನ್ನೂರು ರೂಪಾಯಿ ಬಾಕಿ.

ಪುಸ್ತಕ ತೆಗೆದೆ. ಪುಟ ಎಪ್ಪತ್ತನಾಲ್ಕು.
ಎದೆ ಮೂವತ್ತೆಂಟು. ತೋಳು ಒಂಬತ್ತೂವರೆ. ಕಾಲರ್ ಹದಿನೈದು.
ಇದಲ್ಲವೇ ವರದಿ ಅನಿಸಿತು,
ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ.
ಗಂಟಲು ಕಟ್ಟಿತು. ಆ ಹೊತ್ತಿನಲ್ಲೂ
ಒಂದಿಷ್ಟು ಹೆಮ್ಮೆಯಾಯಿತು, ನಾಚಿಕೆಗೇಡು.

ಝಿಪ್ಪಿಗೆ ದಾರ ಪೋಣಿಸುವಾಗ ನೆನಪಾದ
ಎರಡು ರಾತ್ರಿ ಬಿಟ್ಟು ಹೊಳೆಯ ಆಚೆ ಬಿದ್ದವ.
ಮುನವ್ವರ್, ಮೀನಿನ ಲಾರಿಗೆ ಐಸು ಒಡೆಯುವವ.
ಇಷ್ಟೇ ಗೊತ್ತು, ಇದೂ ಪೇಪರು ಹೇಳಿದ್ದು.
ಪುಸ್ತಕ ತಿರುವಿದೆ, ಹಿಂದಿನಿಂದ ಮುಂದಕ್ಕೆ.
ನನ್ನವರ ಕೈಬರಹದ ಪುಟಗಳಲ್ಲಿ ಆ ದಡದವರು ಇದ್ದರು,
ಪುತ್ತುಮೋನು, ಹಸೈನಾರ್, ಶಾಲೆಯ ಬ್ಯಾರಿ ಮಕ್ಕಳು,
ಹಬ್ಬದ ಮುಂಚೆ ನಿದ್ದೆಗೆಟ್ಟು ಹೊಲಿದ ಅಂಗಿಗಳ ಸಾಲು.
ನನ್ನ ಕೈಬರಹ ಶುರುವಾದಲ್ಲಿ ತೆಳ್ಳಗಾಗುತ್ತಾ
ಒಂದು ಜೂನ್ ತಿಂಗಳಿನಿಂದ ಒಬ್ಬರೂ ಇಲ್ಲ.
ಬರಬೇಡಿ ಅಂತ ಯಾರೂ ಹೇಳಿರಲಿಲ್ಲ.
ಯಾಕೆ ಬರುತ್ತಿಲ್ಲ ಅಂತ ನಾನೂ ಕೇಳಿರಲಿಲ್ಲ.
ನನ್ನ ಪುಸ್ತಕಕ್ಕೂ ಒಬ್ಬ ಸಂಪಾದಕ ಇದ್ದ.
ಅವನಿಗೆ ಸಂಬಳ ಕೊಡುತ್ತಿದ್ದವಳು ನಾನೇ.

ಆಚೆ ದಡದ ಮೋನಬ್ಬನಿಗೆ ಫೋನು ಹಚ್ಚಿದೆ.
ನನ್ನವರ ಜೊತೆ ಒಂದೇ ಅಂಗಡಿಯಲ್ಲಿ
ಕಾಜ ಹಾಕಲು ಕಲಿತವ.
"ಮುನವ್ವರನ ಅಳತೆ ನಿನ್ನಲ್ಲಿ ಉಂಟಾ?"
ಫ್ಯಾನು ತಿರುಗುವುದು ಕೇಳಿಸಿತು, ಬಹಳ ಹೊತ್ತು.
"ಎಂತಕ್ಕೆ ಅಕ್ಕ? ಪೇಪರಿನವರು ಕೇಳಿದರಾ?"
"ಇಲ್ಲ, ನಾನೇ."
"ಪುಸ್ತಕ ಅಂಗಡಿಯೊಳಗೆ. ಅಂಗಡಿಗೆ ಬೀಗ.
ನಿಷೇಧಾಜ್ಞೆ ತೆಗೆಯಲಿ, ನೋಡುವ."
ಇಟ್ಟುಬಿಟ್ಟ.

ಪೊಲೀಸಿನವ ಝಿಪ್ಪು ಎರಡು ಸಲ ಎಳೆದು ನೋಡಿ
ನಲವತ್ತು ಕೊಟ್ಟ, ಬೈರಾಸು ಮಡಚಿಟ್ಟ,
ಕೇಳಿಸಿಕೊಂಡದ್ದನ್ನೆಲ್ಲ ಕೇಳದ ಹಾಗೆ ಹೊರಟ.
ಟೇಪು ಮೇಜಿನ ಮೇಲೆ, ಹನ್ನೊಂದರಲ್ಲಿ ಮಡಿಕೆ ಬಿದ್ದು.

ಹೊಸ ಪುಟದಲ್ಲಿ ಹೆಸರು ಬರೆದೆ.
ಅದರ ಕೆಳಗೆ ಎದೆ, ತೋಳು, ಕಾಲರ್,
ಮುಂದೆ ಜಾಗ ಬಿಟ್ಟೆ.
ಹೆಸರಿನ ಕಾಗುಣಿತ ಸರಿಯೋ ಗೊತ್ತಿಲ್ಲ.
ಎರಡು ಪೇಪರಿನಲ್ಲಿ ಎರಡು ಥರ ಇತ್ತು.