ಶಿಫಾರಸು

ಕೊಂಡೆಲೆ ವೃತ್ತದಲ್ಲಿ ದರ್ಜಿ ಒಗುಟ್ಟುವಿನ ಅಂಗಡಿ,
ಅದರ ಹಿಂದಿನ ಕೋಣೆ ನನ್ನ ಕಂಪನಿ.
ಬಾಡಿಗೆಯ ಬದಲು ಅವನ ಸಾಲದ ಪುಸ್ತಕ ಬರೆದುಕೊಡುತ್ತೇನೆ.
ಲ್ಯಾಪ್‌ಟಾಪು ಇಬ್ಬರ ಕೈ ದಾಟಿ ಬಂದದ್ದು,
'ಎನ್' ಕೀಲಿ ಉದುರಿಹೋಗಿದೆ.
ಮಗುವಿಗೆ ನಮ್ಮ ಲುವೊ ನುಡಿಯಲ್ಲಿ ನ್ಯಾಥಿ ಅನ್ನುತ್ತೇವೆ,
ಮೊದಲಕ್ಷರವೇ ಎನ್.
ಹಾಗಾಗಿ ಪ್ರತಿ ಮಗುವಿಗೂ ಒಮ್ಮೆ
ಬೆಂಕಿಕಡ್ಡಿಯ ತುದಿಯಿಂದ ಆ ಗುಳಿಯನ್ನು ಒತ್ತುತ್ತೇನೆ.

ನಾನು ಮಗು ಆಡಿಸುವವಳಲ್ಲ,
ಆಡಿಸುವವರ ಹೆಸರು ಹೇಳುವವಳು.
ಮನೆಯವರು ಒಪ್ಪಿದರೆ ಮೊದಲ ಸಂಬಳದ ಹತ್ತನೇ ಒಂದು ಪಾಲು
ಫೋನಿಗೇ ಬಂದು ಬೀಳುತ್ತದೆ.
ಬಾಯಿಮಾತಿಗೂ ದುಡ್ಡೇನೇ? ಎನ್ನುತ್ತಾಳೆ ಅಮ್ಮ.
ಸರೋವರದ ದಂಡೆಯಲ್ಲಿ ಮೀನು ಹುರಿದು ಮಾರಿದವಳು,
ಕೈಗೆ ಎಣ್ಣೆ ಸಿಡಿಯದ ಕೆಲಸ ಅವಳ ಲೆಕ್ಕಕ್ಕಿಲ್ಲ.
ನನಗೆ ಸುಡುವುದು ಕಿವಿ ಕಣಮ್ಮ, ಅಂದೆ.
ದಿನಕ್ಕೆ ಮೂವತ್ತು ಕರೆ.

ರಾತ್ರಿ ಪಾಳಿಯ ನರ್ಸುಗಳು, ಬಸ್ಸಿನಲ್ಲಿ ಟಿಕೆಟ್ ಹರಿಯುವವರು,
ಹೆಂಡತಿ ಸತ್ತ ಒಬ್ಬ ಎಂಜಿನಿಯರು. ಅವನ ಅರ್ಜಿಯಲ್ಲಿ
'ಮಗುವಿನ ಅಭ್ಯಾಸಗಳು' ಎಂಬಲ್ಲಿ ಬರೆದಿತ್ತು:
ಗೊತ್ತಿಲ್ಲ. ತಿಳಿದರೆ ನನಗೂ ಹೇಳಿ.

ಕೆಲಸ ಕೇಳಿ ಬಂದವರ ಹಳೆಯ ಮನೆಗಳಿಗೆ ಫೋನು ಮಾಡುತ್ತೇನೆ.
ಕದಿಯುತ್ತಾಳಾ, ಹೊಡೆಯುತ್ತಾಳಾ, ಕೇಳುವುದಿಲ್ಲ;
ಅದಕ್ಕೆಲ್ಲ ಜನ ಬಾಯಿಪಾಠದ ಉತ್ತರ ಇಟ್ಟುಕೊಂಡಿರುತ್ತಾರೆ.
ಒಂದೇ ಕೇಳುತ್ತೇನೆ:
ಅವಳು ಬಿಟ್ಟುಹೋದ ದಿನ ಮಗು ಏನು ಮಾಡಿತು?
ಆಮೇಲೆ ಬಾಯಿ ಮುಚ್ಚಿ ಕಾಯುತ್ತೇನೆ.
"ಎರಡು ದಿನ ಅವಳು ಚಪ್ಪಲಿ ಬಿಡುತ್ತಿದ್ದ ಜಾಗದಲ್ಲೇ ಕೂತಿತ್ತು"
ಅಂದಳು ಒಬ್ಬಾಕೆ.
ಅಷ್ಟು ಸಾಕು. ಕೆರುಬೊ, ಐವತ್ತೆರಡು ವರ್ಷ, ಮುಂದಿನೆರಡು ಹಲ್ಲಿಲ್ಲ,
ನನ್ನ ಪಟ್ಟಿಯ ಮೊದಲ ಹೆಸರು.
ಇನ್ನೊಬ್ಬಳು ತಡವರಿಸಿದಳು: "ಏನೂ ಮಾಡಲಿಲ್ಲ, ನಿದ್ದೆ ಮಾಡಿತು.
ತುಂಬ ಚೆನ್ನಾಗಿ ನಿದ್ದೆ ಮಾಡಿತು."
ಆ ಹೆಸರು ಅಳಿಸಿದೆ.

ಮೊನ್ನೆ ಕರೆಂಟು ಹೋದ ಹೊತ್ತಿಗೆ ಬಂದಳು ಅಡೊಂಗೊ.
ಅವಳಿಜವಳಿ ನಾವು. ಮೊದಲು ಹೊರಬಿದ್ದವಳು ನಾನು, ಅಪಿಯೊ;
ಅವಳು ಹಿಂದೆ ಉಳಿದವಳು, ಹೆಸರಿನ ಅರ್ಥವೇ ಅದು.
ಹೋಟೆಲು ಮುಚ್ಚಿತು, ನನ್ನನ್ನೂ ಸೇರಿಸು, ಅಂದಳು.
ಫೋಟೊದ ಖರ್ಚೂ ಇಲ್ಲ ನೋಡು, ನಿನ್ನದೇ ಹಾಕು.
ನಕ್ಕೆವು, ಒಂದೇ ನಗು
ಎರಡು ಕಡೆಯಿಂದ.

ಅಣ್ಣನ ಕೂಸು ಬೇಸಿನ್ನಿನಲ್ಲಿ ಕೂತಿತ್ತು, ನೀರು ಎದೆಮಟ್ಟ,
ಇವಳು ಅಂಗಳದಲ್ಲಿ ಫೋನಿಗೆ ನಗುತ್ತಿದ್ದಳು.
ಏನೂ ಆಗಲಿಲ್ಲ. ಹನ್ನೊಂದು ವರ್ಷದ ಹಿಂದಿನ ಮಾತು.
ಕೂಸನ್ನು ಎತ್ತಿಕೊಂಡವಳು ನಾನು. ಯಾರಿಗೂ ಹೇಳಿಲ್ಲ.
ಅವಳಿಗೆ ಆಗ ಹದಿನೇಳು.
ನನಗೂ ಹದಿನೇಳೇ.

ಹೊಲಿಗೆ ಯಂತ್ರವೂ ನಿಂತ ಕತ್ತಲಲ್ಲಿ
ನನ್ನ ಪ್ರಶ್ನೆಯನ್ನು ನನಗೇ ಕೇಳಿಕೊಂಡೆ,
ಬಾಯಿ ಮುಚ್ಚಿ ಕಾದೆ.

ಕರೆಂಟು ಬಂತು. ಗೋಡೆಯಾಚೆ ಯಂತ್ರ ಹರಟೆ ಶುರುಮಾಡಿತು.
ಪರದೆಯಲ್ಲಿ ಖಾಲಿ ಚೌಕ: ಭಾವಚಿತ್ರ ಇಲ್ಲಿ.
ಅದರ ಗಾಜಿನಲ್ಲಿ ಒಂದು ಮುಖ, ಯಾರದೆಂದು ಹೇಳಲು ಬಾರದು.
"ಫೋನು ಎತ್ತುವವರು ಬೇಕು," ಅಂದೆ. "ಇಲ್ಲೇ. ನನ್ನ ಪಕ್ಕ."
"ಮಕ್ಕಳು?"
"ಮಕ್ಕಳು ಬೇಡ."

ಬಹಳ ಹೊತ್ತು ಬೆಂಕಿಕಡ್ಡಿಯನ್ನೇ ಹೊರಳಿಸುತ್ತ ಕೂತಳು.
"ನೀಲಿ ಬೇಸಿನ್ನು," ಅಂದಳು, ನನ್ನತ್ತ ನೋಡದೆ.
ಫೋನು ರಿಂಗಾಯಿತು.
ಎತ್ತಿದಳು.