ಶನಿವಾರದ ಮದ್ದು

ಕೋಕೋ ನಲವತ್ತು ಗ್ರಾಂ. ನಲವತ್ತೊಂದಲ್ಲ.
ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿಯುವುದು
ಬಿಡಲಾರದ ಚಾಳಿ.
ಖಡಕಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ನಾನು ತೂಗಿದ್ದು ಬೇರೆ ಮದ್ದು.
ಗೇಟಿನಲ್ಲಿ ಬೆಂಕಿಪೆಟ್ಟಿಗೆ ಒಪ್ಪಿಸಿ,
ಮೊಳೆಯಿಲ್ಲದ ಬೂಟು ಹಾಕಿ,
ಹಿತ್ತಾಳೆ ಚಮಚದಲ್ಲಿ, ಮಾತಿಲ್ಲದೆ.
ಪುಡಿಗೂ ಕಿಡಿಗೂ ಭೇಟಿಯಾಗದಂತೆ ನೋಡಿಕೊಂಡಿದ್ದಕ್ಕೆ
ಸರ್ಕಾರ ಪಿಂಚಣಿ ಕೊಡುತ್ತದೆ.
ಅದೇ ಪಿಂಚಣಿಯಲ್ಲಿ ಕೊಂಡ ಓವನ್ನು
ಅಡಿಗೆಕಟ್ಟೆಯ ಮೇಲೆ
ನೂರಾ ಎಂಬತ್ತಕ್ಕೆ ಕಾಯುತ್ತಿದೆ.

ಇಂದುಮತಿಗೆ ವಾಸನೆ ಹೋಗಿ ಒಂಬತ್ತು ತಿಂಗಳು.
ಜ್ವರ ಬಂತು, ಹೋಯಿತು,
ಹೋಗುವಾಗ ಇದನ್ನೂ ಒಯ್ದಿತು.
ಮಲ್ಲಿಗೆಯೂ ಒಂದೇ, ಮೀನಿನ ಪೇಟೆಯೂ ಒಂದೇ.
ಹಾಲು ಉಕ್ಕಿ ಸೀದರೂ ಕೂತಲ್ಲೇ ಕೂತಿರುತ್ತಾಳೆ,
ಓಡಬೇಕಾದವನು ನಾನು.
ಒಗ್ಗರಣೆ ಹಾಕುವುದನ್ನೇ ಬಿಟ್ಟಳು.
"ಯಾರಿಗಂತ ಹಾಕ್ಲಿ? ಕಿವಿಗಷ್ಟ ಗೊತ್ತಾಗ್ತದ."

ಔಂಧಿನ ಡಾಕ್ಟರು ಹೇಳಿದ್ದು: ದಿನಾ ಮೂಸಿಸಿ,
ಲವಂಗ, ನಿಂಬೆ, ಕಾಫಿ, ಚಕ್ಕೆ.
ಮೂಗಿಗೂ ಮಗ್ಗಿ ಕಲಿಸಬೇಕಂತೆ.
ಮುಚ್ಚಳ ತೆಗೆದು ಹಿಡಿಯುತ್ತೇನೆ.
"ಬಂತೇನು?"
"ಇಲ್ಲ."
ವಹಿಯಲ್ಲಿ ಬರೆಯುತ್ತೇನೆ: ಇಲ್ಲ.

ಬ್ರೌನಿ ಕಲಿಸಿದವಳು ಮೇಲ್ಮನೆಯ ಮೃಣ್ಮಯೀ ಕುಂಟೆ.
ಚಕ್ಕೆಯ ಕುಕಿಯೂ ಅವಳದೇ ಪಾಠ.
"ಕಾಕಾ, ಎರಡನ್ನೂ ಒಂದೇ ತಟ್ಟೆಗೆ ಹಾಕಬೇಡಿ,
ಇದರ ಹದ ಬೇರೆ, ಅದರ ಹದ ಬೇರೆ" ಅಂದಿದ್ದಳು.
ಗೊತ್ತಿಲ್ಲದ ಎರಡು ಪುಡಿ ಬೆರೆಸಬಾರದೆಂಬುದು
ಕಾರ್ಖಾನೆಯ ಮೊದಲ ದಿನದ ಪಾಠ ಕೂಡ.

ಬೆರೆಸಿದೆ.
ಕೆಳಗೆ ಬ್ರೌನಿಯ ಹಿಟ್ಟು, ಮುಳಾ ದಂಡೆಯ ಕೆಸರಿನಷ್ಟು ಕಪ್ಪು.
ಮೊಟ್ಟೆ ಈ ಮನೆಯ ಹೊಸ್ತಿಲು ದಾಟದು, ಅದಕ್ಕೆ ಮೊಸರು.
ಮೇಲೆ ಕುಕಿಯ ಕಣಕ, ಬೆಣ್ಣೆ ತುಸು ಹೆಚ್ಚೇ ಬಿತ್ತು,
ಬಜಾರಿನಲ್ಲಿ ಮುರಿದು ನೋಡಿ ತಂದ ಚಕ್ಕೆ
ಕುಟ್ಟಿದ್ದು ನಾನೇ, ಸೋಸಿದ್ದು ನಾನೇ.
ಚಿವುಟಿ ಚಿವುಟಿ ಇಟ್ಟೆ.
ಕೆಲವು ಮುಳುಗಿದವು.
ಕೆಲವು ಕೂತೇ ಇದ್ದವು,
ಎಮ್ಮೆಯ ಬೆನ್ನ ಮೇಲೆ ಬೆಳ್ಳಕ್ಕಿಯ ಹಾಗೆ.

ಇಪ್ಪತ್ತನೆಯ ನಿಮಿಷಕ್ಕೆ ಚಕ್ಕೆ ಮೊದಲು ಬಂತು,
ಅದರ ಸೆರಗು ಹಿಡಿದು ಚಾಕಲೇಟು.
ಪಡಸಾಲೆ ದಾಟಿ ಮೆಟ್ಟಿಲಿಳಿಯಿತು,
ಕೆಳಗೆ ವಾಚ್‌ಮನ್ನನ ಕುರ್ಚಿ ಕಿರುಗುಟ್ಟಿತು.
ಲೋಣಾವಳದ ಲೋಕಲ್ಲು ಹೋಯಿತು.
ಇಂದುಮತಿ ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು.
ನಾನು ಓವನ್ನು ನೋಡಬೇಕಿತ್ತು,
ಅವಳ ಮೂಗು ನೋಡುತ್ತಿದ್ದೆ,
ಮೂಗುತಿ ಅಲುಗಿತೇ,
ಇಲ್ಲ, ಅದು ಫ್ಯಾನಿನ ಗಾಳಿ.

"ತಳಾ ಹತ್ತೇದ ನೋಡ್ರಿ,"
ಸೊಪ್ಪಿನಿಂದ ತಲೆ ಎತ್ತದೆ.

ಓಡಿದೆ. ಹೌದು, ಒಂದು ಮೂಲೆ ಇದ್ದಿಲು.
ಚಿಮಟದಿಂದ ತಟ್ಟೆ ಎಳೆದು ನಿಂತೆ.
ವಾಸನೆ ಬಂತೋ, ಅಥವಾ
ನನ್ನ ಕೈಯ ಅಡಿಗೆಯನ್ನು ಇಷ್ಟು ವರ್ಷ ಕಂಡವಳ ಲೆಕ್ಕವೋ?
ಕೇಳಿದೆ.
"ಅಂದೆ, ಅಷ್ಟ."

ಕರಿ ಮೂಲೆಯನ್ನೇ ಆರಿಸಿಕೊಂಡಳು.
ಬಹಳ ಹೊತ್ತು ಅಗಿದಳು.
"ಮ್ಯಾಲೆ ಗರಿಗರಿ. ನಡುವ ಮೆತ್ತಗ.
ಇನ್ನೊಂದು ಕೊಡ್ರಿ."

ವಹಿ ತೆಗೆದೆ. ದಿನಾಂಕ. ತಾಪಮಾನ. ನಿಮಿಷ.
ಖಾಲಿ ಖಾನೆಗೆ ಅಲ್ಲಿ ಮೆಮೊ ಕೊಡುತ್ತಿದ್ದರು.
ಖಾಲಿ ಬಿಟ್ಟೆ.

ರಾತ್ರಿ ಮೆಂತ್ಯೆಪಲ್ಯಕ್ಕೆ ಬಾಣಲೆಯಿಟ್ಟು
ಇಂಗಿನ ಡಬ್ಬಿ ಎಲ್ಲಿ ಎಂದು ಕೇಳಿದಳು.
ನನಗೇನು ಗೊತ್ತು,
ಅದನ್ನು ತೆಗೆದಿಟ್ಟವಳು ಅವಳೇ.
ಇಬ್ಬರೂ ಹುಡುಕಿದೆವು.