ಕೊನೆಯ ಸಂಪರ್ಕ: ಹನ್ನೊಂದು ಗಂಟೆ ಹಿಂದೆ

ಕಾರು ಅವಳಿಗೆ, ದೋಣಿ ನನಗೆ.
ಕಾಗದದ ಮೇಲೆ ಹಂಚಿಕೊಂಡೆವು ಎಲ್ಲ,
ಕಾಫಿ ಕೆಟಲ್ಲಿಗೂ ಒಂದು ಸಾಲಿತ್ತು.
ಫೋನಿನೊಳಗಿನ ಈ ಚಿಕ್ಕ ಕಿಂಡಿಯನ್ನು ಮಾತ್ರ
ವಕೀಲರಾಗಲಿ ನಾವಾಗಲಿ ನೆನೆಯಲಿಲ್ಲ.

ಬೋಡೋ ಬಂದರಿನಲ್ಲಿ, ಬಲೆ ಅಂಗಡಿಯ ಮಾಳಿಗೆಯಲ್ಲಿ
ನಾನೀಗ ಒಬ್ಬನೇ. ಗುನ್ವೊರ್ ಇರುವುದು ಆಲ್ಟಾದಲ್ಲಿ,
ನಡುವೆ ಎಂಟುನೂರು ಕಿಲೋಮೀಟರು ಕತ್ತಲೆ.
ನವೆಂಬರಿನ ಕೊನೆಗೆ ಅಲ್ಲಿ ಸೂರ್ಯ ಕೈಕೊಟ್ಟನೆಂದರೆ
ಮತ್ತೆ ಮುಖ ತೋರಿಸುವುದು ಜನವರಿಗೇ.

ಸಂಜೆ ಪಾಳಿ ಮುಗಿದು, ಕೈಗೆ ಹತ್ತಿದ ಮೀನಿನ ವಾಸನೆ ತೊಳೆದು
ಆ್ಯಪ್ ತೆರೆಯುತ್ತೇನೆ.
ಶೇಕಡಾ ಅರವತ್ತೆರಡು. ಬೀಗ ಹಾಕಿದೆ. ಒಳಗೆ ಮೈನಸ್ ಒಂಬತ್ತು.
ಇಷ್ಟೇ. ಇಷ್ಟು ಸಾಕು.
ಅರವತ್ತೆರಡು ಅಂದರೆ ಈಜುಕೊಳಕ್ಕೆ ಹೋಗಿ ಬಂದಿದ್ದಾಳೆ,
ನಲವತ್ತಕ್ಕಿಳಿದರೆ ಅಕ್ಕನ ಮನೆಗೆ.
ಹತ್ತೊಂಬತ್ತು ತೋರಿಸಿದ ದಿನ ನನಗೆ ಊಟ ಸೇರಲಿಲ್ಲ.

ಬಹಳ ಸಲ ಅದೂ ಇಲ್ಲ.
ಬಿಳಿ ಚಕ್ರವೊಂದು ತಿರುಗುತ್ತದೆ, ತಿರುಗುತ್ತದೆ,
ಆಮೇಲೆ ಬೂದು ಬಣ್ಣದ ಸಾಲು:
ವಾಹನ ನಿದ್ರಿಸುತ್ತಿದೆ. ಕೊನೆಯ ಸಂಪರ್ಕ ಹನ್ನೊಂದು ಗಂಟೆ ಹಿಂದೆ.
ಕೆಳಗೊಂದು ಗುಂಡಿ: ಎಬ್ಬಿಸಿ.

ನಿದ್ದೆ ಮಾಡುವವರನ್ನು ಎಬ್ಬಿಸಬಹುದಂತೆ.
ನಮ್ಮ ಕೊನೆಯ ಚಳಿಗಾಲ ಪೂರ್ತಿ
ಗೋಡೆಗೆ ಮುಖಮಾಡಿ ನಿದ್ದೆ ನಟಿಸಿದವನು ನಾನು.
"ಎದ್ದಿದ್ದೀಯಾ?" ಕತ್ತಲಲ್ಲಿ ಅವಳು ಕೇಳುತ್ತಿದ್ದಳು.
ನನ್ನ ಉಸಿರು ಲೆಕ್ಕ ತಪ್ಪದೆ ಹೋಗಿ ಬರುತ್ತಿತ್ತು.

ಗುಂಡಿ ಒತ್ತುತ್ತೇನೆ.
ಎಂಟುನೂರು ಕಿಲೋಮೀಟರು ಆಚೆ, ಹಿಮ ಹೊದ್ದ ಅಂಗಳದಲ್ಲಿ
ಎಲ್ಲೋ ಒಂದು ರಿಲೇ ಟಕ್ಕೆನ್ನುತ್ತದೆ,
ಒಂದು ಪಂಪು ಕೆಮ್ಮುತ್ತದೆ. ನನಗೆ ಕೇಳಿಸುವುದಿಲ್ಲ,
ಊಹಿಸುತ್ತೇನೆ ಅಷ್ಟೆ.
ಅರ್ಧ ನಿಮಿಷಕ್ಕೆ ಅಂಕಿ ಹಸಿರಾಗುತ್ತದೆ:
ಶೇಕಡಾ ಅರವತ್ತೊಂದು.
ಮಲಗುತ್ತೇನೆ. ಮೂರಕ್ಕೆ ಎಚ್ಚರವಾದರೆ ಮತ್ತೊಮ್ಮೆ,
ಐದಕ್ಕೆ ಇನ್ನೊಮ್ಮೆ.

ದೋಣಿಗೆ ಆ್ಯಪ್ ಇಲ್ಲ.
ಅದರ ಹಗ್ಗ ಕಿರುಗುಟ್ಟುವುದು ಇಲ್ಲಿಗೇ ಕೇಳುತ್ತದೆ,
ಅದನ್ನು ನೋಡಲು ಹೋಗಿ ಎರಡು ವಾರವಾಯಿತು.

ಕಳೆದ ಗುರುವಾರ ಅವಳೇ ಫೋನ್ ಮಾಡಿದಳು,
ಏಳು ತಿಂಗಳ ಮೇಲೆ.
"ಕಾರು ಸತ್ತುಬಿದ್ದಿದೆ, ಬಾಗಿಲೂ ತೆರೆಯುತ್ತಿಲ್ಲ.
ದೊಡ್ಡ ಬ್ಯಾಟರಿಯಲ್ಲಿ ಬೇಕಾದಷ್ಟಿದೆಯಂತೆ,
ಹೋಗಿರುವುದು ಆ ಚಿಕ್ಕದು, ಹನ್ನೆರಡು ವೋಲ್ಟಿನದು.
ಮೆಕ್ಯಾನಿಕ್ ಟೋರಾಲ್ಫ್ ಹೇಳುತ್ತಾನೆ,
ಈ ಗಾಡಿಯನ್ನು ಯಾರೋ ರಾತ್ರಿಯಿಡೀ ಮಲಗಲು ಬಿಟ್ಟಿಲ್ಲ ಅಂತ.
ನೀನು ಇದೆಲ್ಲ ತಿಳಿದವನಲ್ಲವಾ, ಯಾಕೆ ಹೀಗಾಗುತ್ತೆ?"

ದೃಷ್ಟಿ ತಾಗುವುದೆಂದರೆ ಹೀಗೇ ಇರಬೇಕು.
ಕೆಡುಕು ಬಯಸಬೇಕೆಂದೇನಿಲ್ಲ,
ನೋಡಿ ನೋಡಿಯೇ ತಾಗುತ್ತದೆ.

"ಚಳಿ," ಎಂದೆ. "ಚಳಿಗೆ ಹಾಗಾಗುತ್ತೆ."
"ಚಳಿಯಾ," ಎಂದಳು.
ಅವಳ ಹಿಂದೆ ಯಾರೋ ಹಿಮ ಗೋರುವ ಸದ್ದು,
ಸಲಿಕೆ ಕಲ್ಲಿಗೆ ತಾಗಿ, ನಿಂತು, ಮತ್ತೆ.
ಟೋರಾಲ್ಫ್ ಇರಬಹುದು. ಇರದೆಯೂ ಇರಬಹುದು.
"ಹೊಸದು ಹಾಕಿಸು, ದುಡ್ಡು ನಾನು ಕಳಿಸುತ್ತೇನೆ."
ಅವಳು ನಕ್ಕಳೋ ಮೂಗು ಸೀಟಿದಳೋ ತಿಳಿಯಲಿಲ್ಲ.
"ನೀನು ಯಾಕೆ ಕಳಿಸಬೇಕು?"
ಆ ಪ್ರಶ್ನೆಗೆ ಒಂದು ಉತ್ತರವಿತ್ತು.
ನನ್ನ ಉಸಿರು ಹೋಗಿ ಬರುತ್ತಿತ್ತು.

ಇವತ್ತು ಸೋಮವಾರ.
ಬೂದು ಸಾಲು ಹಾಗೇ ಇದೆ: ಕೊನೆಯ ಸಂಪರ್ಕ ನಾಲ್ಕು ದಿನ ಹಿಂದೆ.
ಹೊಸ ಬ್ಯಾಟರಿಯ ಮೇಲೆ ಗಾಡಿ ಸುಖವಾಗಿ ಮಲಗಿದೆಯೋ,
ಪಟ್ಟಿಯಿಂದ ನನ್ನ ಹೆಸರನ್ನು ತೆಗೆದೇಬಿಟ್ಟಳೋ,
ಒತ್ತಿದರಷ್ಟೇ ಗೊತ್ತಾಗುವುದು.

ಕೆಟಲ್ಲು ಶಿಳ್ಳೆ ಹಾಕುತ್ತಿದೆ, ನನ್ನ ಪಾಲಿಗೆ ಬಂದದ್ದು.
ಫೋನನ್ನು ಗೋಡೆಗೆ ಮುಖಮಾಡಿ ಇಟ್ಟು
ಒಲೆ ಆರಿಸಲು ಏಳುತ್ತೇನೆ.